ಬೆಳಕು ಎಲ್ಲಿಂದ ಬರುತ್ತಿದೆ? ಚಿತ್ರದ ಮುಂದೆ ನಿಂತಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಶಾಲೆಗಳಿಂದ ಮೈಸೂರು ಪ್ರವಾಸಕ್ಕೆ ಹೋಗಿಬಂದವರಿಗೆ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟಗಳ ಜೊತೆಗೆ ಒಂದು ಕತ್ತಲೆಯ ಕೋಣೆಯೂ ನೆನಪಿನಲ್ಲಿ ಉಳಿದಿರುತ್ತದೆ. ಸೀರೆಯುಟ್ಟ ಹೆಣ್ಣುಮಗಳೊಬ್ಬಳು ಕೈಯಲ್ಲಿ ದೀಪ ಹಿಡಿದು, ಗಾಳಿಗೆ ಆರದಂತೆ ಇನ್ನೊಂದು ಕೈಯನ್ನು ಅಡ್ಡ ಇಟ್ಟುಕೊಂಡು ನಿಂತಿರುವ ಚಿತ್ರವನ್ನು ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಬೆಳಕು ತಗ್ಗಿಸಿದ ಕೋಣೆಯಲ್ಲಿಟ್ಟು ತೋರಿಸುತ್ತಿದ್ದರು. ನಮ್ಮ ಸಾಲಿನಲ್ಲಿದ್ದ ಹುಡುಗನೊಬ್ಬ ಚಿತ್ರದ ಹಿಂದೆ ಬಲ್ಬು ಇಟ್ಟಿರಬೇಕೆಂದು ಗೋಡೆಗೆ ಕೆನ್ನೆ ತಾಗಿಸಿ ಇಣುಕಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ಚಿತ್ರ ರಾಜಾ ರವಿವರ್ಮನದೆಂದು ನಂಬಿದವರು ಬಹಳ ಮಂದಿ. ಅದನ್ನು ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ್ದ ಎಸ್. ಎಲ್. ಹಲ್ದಣಕರ್; ಕಾಲ 1940ರ ದಶಕ; ದೀಪ ಹಿಡಿದು ನಿಂತವಳು ಅವರ ಮಗಳೇ. ಇನ್ನೂ ಒಂದು ಸಂಗತಿಯಿದೆ: ಅದು ತೈಲವರ್ಣವಲ್ಲ, ಕಾಗದದ ಮೇಲಿನ ಜಲವರ್ಣ.

ಈ ಕೊನೆಯ ಸಂಗತಿಯನ್ನು ತಿಳಿದವರು ಅದೇ ಚಿತ್ರವನ್ನು ಮತ್ತೊಮ್ಮೆ ನೋಡಿದರೆ ಬೇರೆಯೇ ಚಿತ್ರ ಕಾಣಿಸುತ್ತದೆ. ತಿಳಿಯಾದ ಜಲವರ್ಣದಲ್ಲಿ ಬೆಳಕನ್ನು ಹಚ್ಚಲು ಬರುವುದಿಲ್ಲ, ಉಳಿಸಿಕೊಳ್ಳಬೇಕಾಗುತ್ತದೆ. ಕಾಗದದ ಬಿಳುಪೇ ಅಲ್ಲಿ ಬೆಳಕು. ಸುತ್ತಲಿನ ಕತ್ತಲೆಯನ್ನು ನೀರುಬಣ್ಣದ ತೆಳುಪದರಗಳನ್ನು ಒಂದರ ಮೇಲೊಂದು ಇಳಿಸಿ ಕಟ್ಟುತ್ತ ಬಂದು, ಬೆಳಕಿರಬೇಕಾದ ಕಡೆ ಕುಂಚವನ್ನು ತಡೆದುಕೊಂಡರೆ ಮಾತ್ರ ದೀಪ ಉರಿಯುತ್ತದೆ. ಒಮ್ಮೆ ಕೈತಪ್ಪಿ ಕಪ್ಪು ಹರಿದರೆ ಆ ಬಿಳುಪನ್ನು ಮರಳಿ ತರುವುದು ಬಹಳ ಕಷ್ಟ. ಅಡ್ಡ ಇಟ್ಟ ಕೈಯ ಬೆರಳುಗಳನ್ನು ಗಮನಿಸಿ: ದೀಪದ ಬೆಳಕು ಚರ್ಮವನ್ನು ಹಾಯ್ದು ಬರುವಲ್ಲಿ ಅವು ಕೆಂಡದ ಬಣ್ಣಕ್ಕೆ ತಿರುಗಿವೆ. ಆಷಾಢದ ಮಳೆಗೆ ಕರೆಂಟು ಹೋದ ರಾತ್ರಿಗಳಲ್ಲಿ ಟಾರ್ಚಿನ ಬಾಯಿಗೆ ಅಂಗೈ ಒತ್ತಿ ಹಿಡಿದು ಬೆರಳಿನ ಕೆಂಪನ್ನು ನೋಡಿ ಬೆರಗಾಗದ ಮಲೆನಾಡಿನ ಮಗು ಇರಲಿಕ್ಕಿಲ್ಲ. ಕಲಾವಿದ ನೋಡಿದ್ದು ಅದನ್ನೇ.

ಚಿತ್ರಶಾಲೆಗೆ ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಇದರ ಅರ್ಥವೇನು?’ ಎಂದು. ಅರ್ಥ ತಿಳಿಯದಿದ್ದರೆ ಚಿತ್ರ ತಮ್ಮಂಥವರಿಗಲ್ಲ ಎಂದುಕೊಂಡು ಮುಂದೆ ಸಾಗುತ್ತಾರೆ. ಈ ಪ್ರಶ್ನೆ ತಪ್ಪಲ್ಲ, ಆದರೆ ಅದರ ಸರದಿ ಕೊನೆಗೆ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಳಕು ಎಲ್ಲಿಂದ ಬರುತ್ತಿದೆ, ನೋಡುವ ಕಣ್ಣು ಎಲ್ಲಿ ನಿಂತಿದೆ, ಬಣ್ಣ ಯಾವುದರಿಂದ ಆದದ್ದು ಮತ್ತು ಯಾವುದರ ಮೇಲೆ ಕುಳಿತಿದೆ ಎಂದು ಮೊದಲು ಕೇಳಿಕೊಂಡರೆ ಯಾರ ಸಹಾಯವೂ ಇಲ್ಲದೆ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಬಹುದು. ಚಿತ್ರಕಲೆಯ ಚರಿತ್ರೆ ಎಂದು ದಪ್ಪ ಪುಸ್ತಕಗಳಲ್ಲಿ ಇರುವುದರಲ್ಲಿ ದೊಡ್ಡ ಪಾಲು ಈ ಪ್ರಶ್ನೆಗಳಿಗೆ ಕಾಲಕಾಲಕ್ಕೆ ಸಿಕ್ಕ ಬೇರೆಬೇರೆ ಉತ್ತರಗಳೇ.

ಬೆಳಕಿನಿಂದಲೇ ಮುಂದುವರಿಯೋಣ. ಮೈಸೂರು ಶೈಲಿಯ ಹಳೆಯ ಚಿತ್ರದಲ್ಲಿ, ಉದಾಹರಣೆಗೆ ಒಂದು ಶ್ರೀರಾಮ ಪಟ್ಟಾಭಿಷೇಕದಲ್ಲಿ, ನೆರಳನ್ನು ಹುಡುಕಿ ನೋಡಿ. ಸಿಂಹಾಸನದ ಕೆಳಗಾಗಲಿ ಕಂಬದ ಮಗ್ಗುಲಲ್ಲಾಗಲಿ ನೆಲಕ್ಕೆ ಬಿದ್ದ ನೆರಳು ಸಿಗುವುದಿಲ್ಲ, ಏಕೆಂದರೆ ಅಲ್ಲಿ ಬೆಳಕು ಹೊರಗಿನ ಯಾವ ಕಿಟಕಿಯಿಂದಲೂ ಬರುತ್ತಿಲ್ಲ. ದೇವರ ಮೇಲೆ ಬೆಳಕು ಬೀಳುವುದಿಲ್ಲ, ದೇವರಿಂದಲೇ ಬೆಳಕು ಹೊರಡುತ್ತದೆ. ಕಿರೀಟ, ಕಂಠೀಹಾರ, ಸೀರೆಯ ಅಂಚುಗಳಲ್ಲಿ ಸೀಸದ ಬಿಳುಪು, ಅಂಟು ಮತ್ತು ಹಳದಿ ರಾಳವನ್ನು ಅರೆದ ಮಿಶ್ರಣದಿಂದ ತೆಳುವಾದ ಉಬ್ಬನ್ನು ಎಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸಿರುತ್ತಾರೆ. ತಂಜಾವೂರು ಚಿತ್ರಗಳಲ್ಲಿ ಈ ಉಬ್ಬು ದಪ್ಪ, ಮೈಸೂರಿನಲ್ಲಿ ಬೆರಳಿಗಷ್ಟೇ ಗೊತ್ತಾಗುವಷ್ಟು ನಯ. ಇಂಥ ಚಿತ್ರವನ್ನು ಟ್ಯೂಬ್‌ಲೈಟಿನ ಸಮಬೆಳಕಿನಲ್ಲಿ ನೇರವಾಗಿ ನಿಂತು ನೋಡಿದರೆ ಅರ್ಧ ಚಿತ್ರವೂ ಕಾಣುವುದಿಲ್ಲ. ಮಲೆನಾಡಿನ ಹಳೆಯ ಮನೆಯ ದೇವರ ಕೋಣೆಯನ್ನು ನೆನೆಸಿಕೊಳ್ಳಿ: ಕಿಟಕಿಯಿಲ್ಲದ ಕತ್ತಲು, ಒಂದು ಎಣ್ಣೆದೀಪ, ಕುಡಿ ಅಲುಗಿದಾಗಲೆಲ್ಲ ಮಿಣುಕುವ ಚಿನ್ನ. ಅಂಥ ಬೆಳಕಿಗಾಗಿ ಮಾಡಿದ ಉಬ್ಬು ಅದು. ಚಿತ್ರಶಾಲೆಯಲ್ಲಿ ದೀಪ ಅಲುಗದಿದ್ದರೆ ನೋಡುವವರೇ ಒಂದೆರಡು ಹೆಜ್ಜೆ ಎಡಕ್ಕೂ ಬಲಕ್ಕೂ ಸರಿಯಬೇಕು. ಚಿನ್ನ ಆಗ ಎಚ್ಚರಗೊಳ್ಳುತ್ತದೆ.

ಆ ಹಳದಿ ರಾಳದ ಬಗ್ಗೆ ಒಂದು ಮಾತು ಹೇಳದಿದ್ದರೆ ಮಲೆನಾಡಿನವನಾದ ನನಗೆ ಸಮಾಧಾನವಾಗದು. ರೇವಲಚಿನ್ನಿ ಹಾಲು, ಅಂದರೆ ಗ್ಯಾಂಬೋಜ್ ಎಂದು ಚಿತ್ರಕಾರರು ಕರೆಯುವ ಆ ಬಣ್ಣಕ್ಕೆ ಕಾಂಬೋಡಿಯ ದೇಶದಿಂದಲೇ ಆ ಹೆಸರು ಬಂದಿದೆ. ಅದು ಬರುವುದು ನಮ್ಮ ಮುರುಗಲು, ಉಪ್ಪಾಗೆಗಳ ಕುಲಕ್ಕೇ ಸೇರಿದ ಮರಗಳ ತೊಗಟೆ ಗೀರಿದಾಗ ಒಸರುವ ಹಾಲಿನಿಂದ.

ಇನ್ನು ರವಿವರ್ಮನ ಲಕ್ಷ್ಮಿಯನ್ನು ನೋಡಿ. 1848ರಿಂದ 1906ರವರೆಗೆ ಬದುಕಿದ್ದ ಅವನು ಯುರೋಪಿನ ತೈಲವರ್ಣದ ವಿದ್ಯೆಯನ್ನು ಪುರಾಣದ ಕಥೆಗಳಿಗೆ ತಂದ. ಅವನ ಲಕ್ಷ್ಮಿಗೆ ಒಂದು ಮಗ್ಗುಲಿನಿಂದ ಬೆಳಕು ಬೀಳುತ್ತದೆ, ಸೀರೆಯ ನೆರಿಗೆಯೊಳಗೆ ನೆರಳು ಸೇರಿಕೊಳ್ಳುತ್ತದೆ, ಹಿಂದಿನ ಕೊಳ ನಿಜವಾಗಿಯೂ ದೂರವಿದೆ. ದೇವತೆ ನಾವಿರುವ ಲೋಕದ ಬೆಳಕಿಗೆ ಬಂದು ನಿಂತಳು. 1894ರಲ್ಲಿ ಮುಂಬಯಿಯಲ್ಲಿ ಅವನು ತೆರೆದ ಕಲ್ಲಚ್ಚಿನ ಮುದ್ರಣಾಲಯದಿಂದ ಈ ದೇವತೆಗಳು ದೇಶದ ತುಂಬ ಹರಡಿದರು, ಮಲೆನಾಡಿನ ಜಗಲಿಯ ಗೋಡೆಗಳಿಗೂ ಬಂದು ಗಾಜಿನ ಹಿಂದೆ ಕುಳಿತರು. ನಮ್ಮಲ್ಲಿ ಹೆಚ್ಚಿನವರು ‘ಚಿತ್ರವೆಂದರೆ ಹೀಗಿರಬೇಕು’ ಎಂದು ಕಲಿತದ್ದು ಈ ಅಚ್ಚಿನ ಪಟಗಳಿಂದ. ಅದರಿಂದಲೇ ನೆರಳಿಲ್ಲದ ಚಿತ್ರ ಬಾಲಿಶವೆಂದೂ ನೆರಳಿರುವುದು ಮುಂದುವರಿದದ್ದೆಂದೂ ಅನೇಕರಿಗೆ ಅನ್ನಿಸುತ್ತದೆ. ಇದು ತಪ್ಪು ತಿಳಿವಳಿಕೆ. ಎರಡೂ ಕಡೆ ಬೆಳಕಿನ ಬಗ್ಗೆ ಬೇರೆಬೇರೆ ನಂಬಿಕೆಗಳಿವೆ, ಅಷ್ಟೆ.

ಕಣ್ಣು ಎಲ್ಲಿ ನಿಂತಿದೆ ಎಂಬುದನ್ನು ತಿಳಿಯಲು ಅಡಿಕೆ ತೋಟಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಎರಡು ಸಾಲುಗಳ ನಡುವೆ ನಿಂತು ನೇರವಾಗಿ ನೋಡಿದರೆ ಮರಗಳು ದೂರ ಹೋದಂತೆ ಕುಗ್ಗುತ್ತ, ಬುಡದ ಗೆರೆ ಏರುತ್ತ, ತಲೆಯ ಗೆರೆ ಇಳಿಯುತ್ತ ಎಲ್ಲವೂ ಒಂದೇ ಬಿಂದುವಿನ ಕಡೆಗೆ ಓಡುತ್ತವೆ. ನೆಲ ಸಮತಟ್ಟಾಗಿದ್ದರೆ ಆ ಬಿಂದು ಸರಿಯಾಗಿ ನಿಮ್ಮ ಕಣ್ಣಿನ ಎತ್ತರದಲ್ಲಿರುತ್ತದೆ. ಕುಳಿತರೆ ಅದೂ ಕೆಳಗಿಳಿಯುತ್ತದೆ. ಹದಿನೈದನೆಯ ಶತಮಾನದ ಮೊದಲ ದಶಕಗಳಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಬ್ರುನೆಲೆಸ್ಕಿ ಎಂಬ ವಾಸ್ತುಶಿಲ್ಪಿ ಇದನ್ನು ಪ್ರಯೋಗ ಮಾಡಿ ತೋರಿಸಿದ, 1435ರಲ್ಲಿ ಅಲ್ಬರ್ಟಿ ಅದನ್ನು ನಿಯಮವಾಗಿ ಬರೆದಿಟ್ಟ. ಪರ್ಸ್‌ಪೆಕ್ಟಿವ್ ಎನ್ನುವುದು ಇದನ್ನೇ. ಮಿಲಾನಿನ ಮಠವೊಂದರ ಊಟದ ಮನೆಯ ಗೋಡೆಯಲ್ಲಿ ಲಿಯನಾರ್ಡೊ ಡ ವಿಂಚಿ 1495ರಿಂದ 1498ರ ಸುಮಾರಿಗೆ ಬರೆದ ‘ಕೊನೆಯ ಭೋಜನ’ದಲ್ಲಿ ಚಾವಣಿಯ ತೊಲೆಗಳೂ ಪಕ್ಕದ ಗೋಡೆಗಳ ಗೆರೆಗಳೂ ಯೇಸುವಿನ ಹಣೆಯ ಪಕ್ಕಕ್ಕೆ ಬಂದು ಕೂಡುತ್ತವೆ; ಅಲ್ಲಿ ಮೊಳೆ ಹೊಡೆದ ಸಣ್ಣ ತೂತು ಇದೆ. ಬಡಗಿ ಸೂತ್ರ ಹಿಡಿದು ಗೆರೆ ಹಾಕುವಂತೆ ಅಲ್ಲಿಂದ ದಾರ ಎಳೆದು ಗೆರೆಗಳನ್ನು ಗುರುತಿಸಿಕೊಂಡಿರಬೇಕು. ಯುರೋಪಿನ ಹಳೆಯ ಚಿತ್ರವೊಂದರ ಅಚ್ಚುಪ್ರತಿ ಸಿಕ್ಕರೂ ಸಾಕು, ಗೆರೆಗಳು ಕೂಡುವ ಜಾಗವನ್ನು ಹುಡುಕಿ. ಚಿತ್ರದ ಮುಖ್ಯ ವಿಷಯ ಬಹಳ ಸಲ ಅದರ ಹತ್ತಿರದಲ್ಲೇ ಇರುತ್ತದೆ.

ಈ ನಿಯಮ ನೋಡುವವನನ್ನು ಒಂದೇ ಜಾಗದಲ್ಲಿ ಒಂದೇ ಕ್ಷಣಕ್ಕೆ ಕಟ್ಟಿಹಾಕುತ್ತದೆ. ಮಿನಿಯೇಚರ್ ಎಂದು ಕರೆಯುವ ನಮ್ಮ ದೇಶದ ಹಳೆಯ ಪುಟ್ಟ ಚಿತ್ರಗಳು ಹಾಗೆ ಕಟ್ಟಿಹಾಕುವುದಿಲ್ಲ: ಕೊಳವನ್ನು ಮೇಲಿನಿಂದ, ಅದರೊಳಗಿನ ಮೀನನ್ನು ಮಗ್ಗುಲಿನಿಂದ, ದಡದ ಮರವನ್ನು ಎದುರಿನಿಂದ ಬರೆದಿರುತ್ತಾರೆ. ಕೊಳದ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಅಲ್ಲಿದೆ, ಒಂದು ಕಡೆ ನಿಂತವನಿಗೆ ಕಾಣುವುದಷ್ಟೇ ಅಲ್ಲ. ಜಗನ್ಮೋಹನ ಅರಮನೆಯ ಗೋಡೆಗಳ ದಸರಾ ಮೆರವಣಿಗೆಯ ಚಿತ್ರವನ್ನೂ ಒಂದೇ ಕಡೆ ನಿಂತು ನೋಡಿ ಮುಗಿಸಲಾಗದು; ಮೆರವಣಿಗೆಯ ಜೊತೆಗೆ ನಡೆಯುತ್ತ ನೋಡಬೇಕು. 1907ರ ನಂತರ ಪಿಕಾಸೊ ಮತ್ತು ಬ್ರಾಕ್ ಒಂದೇ ಮುಖದ ಎದುರನ್ನೂ ಮಗ್ಗುಲನ್ನೂ ಒಟ್ಟಿಗೆ ತೋರಿಸತೊಡಗಿದಾಗ ಯುರೋಪು ಬೆಚ್ಚಿಬಿದ್ದದ್ದು ಐದು ಶತಮಾನಗಳ ರೂಢಿ ಮುರಿದದ್ದಕ್ಕೆ. ಆ ರೂಢಿಯೇ ಇಲ್ಲದ ಕಣ್ಣಿಗೆ ಕ್ಯೂಬಿಸಂ ಎಂಬ ಅವರ ಈ ಬಗೆ ಅಷ್ಟೇನೂ ವಿಚಿತ್ರವಲ್ಲ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಈ ವಿಷಯಕ್ಕೆ ಒಳ್ಳೆಯ ಪದಗಳನ್ನೇ ಕೊಟ್ಟಿದ್ದಾನೆ. ಕನ್ನಡಿಯ ಪ್ರತಿಬಿಂಬದಂತೆ ಕಂಡದ್ದಕ್ಕೆ ಹೋಲುವ ಚಿತ್ರ ವಿದ್ಧ, ಮನಸ್ಸಿನಲ್ಲಿ ಮೂಡಿದ್ದನ್ನು ಬರೆದದ್ದು ಅವಿದ್ಧ, ಪುಡಿಯಿಂದ ನೆಲದ ಮೇಲೆ ಬಿಡಿಸಿದ್ದು ಧೂಳಿಚಿತ್ರ. ಇವುಗಳಲ್ಲಿ ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯಬೇಕಾಗಿಲ್ಲ ಎಂಬುದು ಆ ವಿಂಗಡಣೆಯಲ್ಲೇ ಇದೆ. ನಮ್ಮ ಜಿಲ್ಲೆಗೂ ಈ ಪರಂಪರೆಯಲ್ಲಿ ಪಾಲಿದೆ: ಕೆಳದಿಯ ಬಸವರಾಜ 1709ರಲ್ಲಿ ಮುಗಿಸಿದ ‘ಶಿವತತ್ತ್ವರತ್ನಾಕರ’ದಲ್ಲಿ ರಾಜನೀತಿ, ಅಡುಗೆ, ವೈದ್ಯಗಳ ಜೊತೆಗೆ ಚಿತ್ರವಿದ್ಯೆಯೂ ಬರುತ್ತದೆ. ಗೋಡೆಯನ್ನು ಹದಗೊಳಿಸುವುದು, ಚರ್ಮವನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ ವಜ್ರಲೇಪವೆಂಬ ಅಂಟು ತಯಾರಿಸುವುದು ಈ ಗ್ರಂಥಗಳಿಗೆ ಮುಖ್ಯ ವಿಷಯ. ಬಣ್ಣಕ್ಕಿಂತ ಮೊದಲು ಗೋಡೆ. ಲಿಯನಾರ್ಡೊನ ಆ ಮಹಾಚಿತ್ರ ಅವನು ಬದುಕಿದ್ದಾಗಲೇ ಹಪ್ಪಳಿಕೆಯಾಗಿ ಉದುರಲು ತೊಡಗಿದ್ದು ಒಣಗಿದ ಗೋಡೆಯ ಮೇಲೆ ಹೊಸ ಬಗೆಯಲ್ಲಿ ಬಣ್ಣ ಹಚ್ಚಲು ಹೋದದ್ದರಿಂದಲೇ.

ಬಣ್ಣ ಯಾವುದು, ಯಾವುದರ ಮೇಲೆ ಎಂಬ ಪ್ರಶ್ನೆಗೆ ಉತ್ತರ ಚಿತ್ರದ ಪಕ್ಕದ ಚೀಟಿಯಲ್ಲೇ ಇರುತ್ತದೆ. ಕಲಾವಿದನ ಹೆಸರನ್ನು ಓದಿ ಬಿಡುವ ಬದಲು ‘ಕ್ಯಾನ್ವಾಸಿನ ಮೇಲೆ ತೈಲವರ್ಣ’, ‘ಕಾಗದದ ಮೇಲೆ ಜಲವರ್ಣ’ ಎಂಬ ಸಾಲನ್ನು ಓದಿ. ಅಗಸೆ ಎಣ್ಣೆಯಲ್ಲಿ ಕಲೆಸಿದ ಬಣ್ಣ ನಿಧಾನವಾಗಿ ಒಣಗುತ್ತದೆ. ಆದ್ದರಿಂದ ಕಲಾವಿದ ದಿನಗಟ್ಟಲೆ ತಿದ್ದಬಹುದು, ದಪ್ಪವಾಗಿ ಮೆತ್ತಬಹುದು, ಕಪ್ಪಿನ ಮೇಲೆ ಬಿಳಿಯನ್ನು ತರಬಹುದು. ಜಲವರ್ಣಕ್ಕೆ ಅಷ್ಟು ತಾಳ್ಮೆಯಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಕೆ. ವೆಂಕಟಪ್ಪ ಅವರ ಹೆಸರಿನ ಚಿತ್ರಶಾಲೆಯಿದೆ. ಕೊಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತ ಅವರು 1920ರ ದಶಕದಲ್ಲಿ ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು: ಮಳೆಗಾಲದ ಮೋಡ ಒಡೆಯುವುದು, ಬೆಳದಿಂಗಳಲ್ಲಿ ಕರಗಿದ ಊರು. ಆಗುಂಬೆಯ ಘಾಟಿಯಲ್ಲಿ, ಕೊಡಚಾದ್ರಿಯ ದಾರಿಯಲ್ಲಿ ಮಂಜು ಏಳುವುದನ್ನು ಕಂಡವರಿಗೆ ಆ ಚಿತ್ರಗಳ ಮುಂದೆ ವಿವರಣೆ ಬೇಕಾಗುವುದಿಲ್ಲ. ಹತ್ತಿರದ ಮರದ ಹಸಿರು ಗಾಢ, ಅದರಾಚೆಯ ಗುಡ್ಡ ಬೂದುಹಸಿರು, ಅದರಾಚೆಯದು ನೀಲಿ, ಕೊನೆಯದು ಆಕಾಶವೋ ಗುಡ್ಡವೋ ತಿಳಿಯದಷ್ಟು ತೆಳು. ಇಲ್ಲಿ ದೂರವನ್ನು ತೋರಿಸುವುದು ಒಂದೇ ಬಿಂದುವಿಗೆ ಓಡುವ ಗೆರೆಗಳಲ್ಲ, ನಡುವೆ ನಿಂತ ಗಾಳಿ ಮತ್ತು ಹನಿ. ಒದ್ದೆ ಕಾಗದದ ಮೇಲೆ ಬಣ್ಣ ತಾನಾಗಿ ಹರಡುವ ಗುಣವೇ ಮಂಜಾಗುತ್ತದೆ.

ಬೆಳಕು, ಗಾಳಿಗಳನ್ನೇ ವಿಷಯವಾಗಿ ಹಿಡಿದ ಫ್ರಾನ್ಸಿನ ಚಿತ್ರಕಾರರು 1874ರಲ್ಲಿ ಪ್ಯಾರಿಸಿನಲ್ಲಿ ತಮ್ಮದೇ ಪ್ರದರ್ಶನ ಮಾಡಿದರು. ಇಂಪ್ರೆಶನಿಸ್ಟರು ಎಂಬ ಹೆಸರು ಅವರಿಗೆ ಅಂಟಿದ್ದು ಆಗಲೇ. ಅವರು ಬಯಲಿಗೆ ಹೋಗಿ ಬರೆಯಲು ಸಾಧ್ಯವಾದದ್ದರ ಹಿಂದೆ ಒಂದು ಸಣ್ಣ ವಸ್ತುವಿದೆ. 1841ರಲ್ಲಿ ಜಾನ್ ರಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ಪಡೆಯುವ ಮೊದಲು ಕಲೆಸಿದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡಬೇಕಾಗಿತ್ತು. ಟ್ಯೂಬು ಬಂದ ಮೇಲೆ ಬಣ್ಣವನ್ನು ಜೇಬಿಗೆ ಹಾಕಿಕೊಂಡು ಹೊಲಕ್ಕೆ ನಡೆಯಬಹುದಾಯಿತು. ಅವರಲ್ಲಿ ಒಬ್ಬನಾದ ಮೊನೆ 1890–91ರಲ್ಲಿ ತನ್ನ ಮನೆಯ ಹತ್ತಿರದ ಹೊಲದ ಬಣವೆಗಳನ್ನು ಸುಮಾರು 25 ಚಿತ್ರಗಳಲ್ಲಿ ಬರೆದ: ಬೆಳಗಿನ ಬಣವೆ, ಸಂಜೆಯ ಬಣವೆ, ಹಿಮ ಹೊದ್ದ ಬಣವೆ. ನಮ್ಮಲ್ಲಿ ಭತ್ತದ ಹುಲ್ಲಿನ ಬಣವೆ, ಅಲ್ಲಿ ಗೋಧಿಯ ತೆನೆಯದು. ಅವನ ಚಿತ್ರಗಳಲ್ಲಿ ನೆರಳು ಕಪ್ಪಾಗಿರುವುದಿಲ್ಲ, ನೀಲಿಯೂ ನೇರಳೆಯೂ ಆಗಿರುತ್ತದೆ. ಇದನ್ನು ಕಲಾವಿದನ ಹುಚ್ಚು ಕಲ್ಪನೆ ಎಂದುಕೊಳ್ಳಬೇಡಿ. ಸೂರ್ಯನ ನೇರ ಬೆಳಕು ತಲುಪದ ಕಡೆಗೆ ಆಕಾಶದ ನೀಲಿಯ ಬೆಳಕಾದರೂ ತಲುಪುತ್ತದೆ. ಧನುರ್ಮಾಸದ ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಕಣದ ಬಣವೆಯ ನೆರಳನ್ನು ನೋಡಿ, ಇಬ್ಬನಿಯ ಹುಲ್ಲಿನ ಮೇಲೆ ಅದು ಯಾವ ಬಣ್ಣದಲ್ಲಿದೆ ಎಂದು ನಿಮಗೇ ಗೊತ್ತಾಗುತ್ತದೆ.

ಚಿತ್ರಗಳಿಗೆ ವಯಸ್ಸೂ ಆಗುತ್ತದೆ. ರೆಂಬ್ರಾಂಟ್ 1642ರಲ್ಲಿ ಬರೆದ, ಈಗ ಆಮ್‌ಸ್ಟರ್‌ಡ್ಯಾಮಿನಲ್ಲಿರುವ ದೊಡ್ಡ ಚಿತ್ರವನ್ನು ಜಗತ್ತು ‘ರಾತ್ರಿಗಾವಲು’ ಎಂದೇ ಕರೆಯುತ್ತ ಬಂದಿತ್ತು. 1940ರ ದಶಕದಲ್ಲಿ ಕಂದಿಹೋದ ವಾರ್ನಿಶ್ಶನ್ನು ತೆಗೆದಾಗ ಅದು ಹಗಲಿನ ದೃಶ್ಯವೆಂದು ಸ್ಪಷ್ಟವಾಯಿತು. ಹಳೆಯ ತೈಲಚಿತ್ರದ ಹೊಂಬಣ್ಣ ಎಷ್ಟೋ ಸಲ ಕಲಾವಿದನದಲ್ಲ, ಮೇಲಿನ ರಾಳ ಹಳದಿಯಾದದ್ದು. ಕಾಗದದ ಚಿತ್ರಗಳ ಸಂಕಟ ಬೇರೆ. ಬೆಳಕೇ ಅವುಗಳ ಬಣ್ಣವನ್ನು ತಿನ್ನುತ್ತದೆ. ಅದಕ್ಕಾಗಿಯೇ ಸಂಗ್ರಹಾಲಯಗಳು ಜಲವರ್ಣಗಳ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳಲು ಯತ್ನಿಸುತ್ತವೆ. ಕೋಣೆ ಮಬ್ಬಾಗಿದೆ ಎಂದು ಅಸಮಾಧಾನಪಡುವ ಮೊದಲು ಕಣ್ಣಿಗೆ ಎರಡು ನಿಮಿಷ ಕೊಡಿ, ಹೊಂದಿಕೊಳ್ಳುತ್ತದೆ. ಮಲೆನಾಡಿನಲ್ಲಿ ಬೆಳಕಿಗಿಂತ ದೊಡ್ಡ ಶತ್ರು ತೇವ. ಮಳೆಗಾಲ ಕಳೆದ ಮೇಲೆ ಗೋಡೆಯ ಪಟವನ್ನು ಇಳಿಸಿದರೆ ಗಾಜಿಗೆ ಅಂಟಿದ ಕಾಗದ, ಅದರ ಮೇಲೆ ಕಂದು ಚುಕ್ಕೆ, ಬೂಷ್ಟಿನ ವಾಸನೆ. ಮನೆಯಲ್ಲಿ ಹಳೆಯ ಚಿತ್ರವಿದ್ದವರು ಗಾಜಿಗೂ ಕಾಗದಕ್ಕೂ ನಡುವೆ ಅಂತರ ಬಿಟ್ಟು, ಚೌಕಟ್ಟಿನ ಹಿಂಭಾಗ ಗೋಡೆಗೆ ತಾಗದಂತೆ ತೂಗುಹಾಕಬೇಕು.

ಇಷ್ಟೆಲ್ಲ ಪ್ರಶ್ನೆಗಳನ್ನು ಹಸೆ ಚಿತ್ತಾರಕ್ಕೂ ಕೇಳಬೇಕು. ಸಾಗರ, ಸೊರಬ, ಹೊಸನಗರದ ಕಡೆ ದೀವರ ಹೆಂಗಸರು ಮದುವೆಗೆ ಗೋಡೆಯ ಮೇಲೆ ಬರೆಯುವ ಈ ಚಿತ್ತಾರಗಳು ಈಚಿನ ವರ್ಷಗಳಲ್ಲಿ ಚೌಕಟ್ಟಿನೊಳಗೆ ಸೇರಿ ಪ್ರದರ್ಶನಗಳಿಗೆ ಬರುತ್ತಿವೆ. ಗೋಡೆಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಸಾಗರದ ಹತ್ತಿರದ ಮನೆಯೊಂದರಲ್ಲಿ ವಯಸ್ಸಾದ ತಾಯಿಯೊಬ್ಬರು ಬರೆಯುವುದನ್ನು ನಾನು ಒಂದು ಮಧ್ಯಾಹ್ನವಿಡೀ ಕುಳಿತು ನೋಡಿದ್ದೇನೆ. ನಾರಿನ ತುದಿಯನ್ನು ಹಿಟ್ಟಿನಲ್ಲಿ ಅದ್ದಿ ಅವರು ಗೋಡೆಗೆ ಗೆರೆ ಎಳೆದಾಗ ನನಗೆ ಏನೂ ಕಾಣಲಿಲ್ಲ, ಕೆಂಪಿನ ಮೇಲೆ ಒಂದು ಒದ್ದೆ ಗುರುತು ಮಾತ್ರ. ಅಕ್ಕಿಹಿಟ್ಟಿನ ಗೆರೆ ಹಸಿಯಾಗಿದ್ದಾಗ ಮಂಕು, ಒಣಗುತ್ತ ಬಂದಂತೆ ಬೆಳ್ಳಗಾಗುತ್ತದೆ. ಆದ್ದರಿಂದ ಅವರು ಬರೆಯುತ್ತಿದ್ದುದು ಇನ್ನೂ ಪೂರ್ತಿ ಕಾಣದ ಚಿತ್ರವನ್ನು. ಆಗಷ್ಟೇ ಎಳೆದ ಗೆರೆ ಬೆಳಗುವುದಕ್ಕೆ ಮೊದಲೇ ಅದರ ಮಗ್ಗುಲಿಗೆ ಅದೇ ಅಂತರದಲ್ಲಿ ಇನ್ನೊಂದನ್ನು ಎಳೆಯಬೇಕು. ಪಕ್ಕದಲ್ಲಿ ಕಲಿಯುತ್ತಿದ್ದ ಮೊಮ್ಮಗಳ ಗೆರೆ ಕೊಂಕಿದಾಗ ಅವರು ಹೇಳಿದ್ದು, “ಕೈ ನೋಡ್ಬೇಡ ಮಗಾ, ಉಸ್ರು ಹಿಡ್ಕ.” ಹತ್ತು ನಿಮಿಷದ ಮೇಲೆ ಗೋಡೆಯ ತುಂಬ ಜೋಗಿ ಜಡೆ, ನಿಲಿ ಎಂಬ ಚಿತ್ತಾರದ ಬಗೆಗಳು ಒಂದೊಂದಾಗಿ ಬೆಳ್ಳಗೆ ಎದ್ದುಬಂದವು.

ಚಿತ್ತಾರವನ್ನು ‘ನಮ್ಮ ಅಮೂರ್ತ ಕಲೆ’ ಎಂದು ಹೊಗಳುವವರಿದ್ದಾರೆ. ಪ್ರೀತಿಯಿಂದ ಹೇಳಿದ ಮಾತಾದರೂ ಅದನ್ನು ನಾನು ಒಪ್ಪಲಾರೆ. ಅಮೂರ್ತ ಕಲೆಯ ಡಚ್ ಚಿತ್ರಕಾರ ಮೊಂಡ್ರಿಯನ್ನನ ಚೌಕಗಳಿಗೆ ಹೆಸರಿಲ್ಲ, ಇರಬಾರದೆಂಬುದೇ ಅವನ ಹಟ. ಚಿತ್ತಾರದ ಒಂದೊಂದು ಬಗೆಗೂ ಹೆಸರಿದೆ, ಜಾಗವಿದೆ, ಅದು ಇಂಥ ದಿನಕ್ಕೆ ಎಂಬ ಹೊತ್ತಿದೆ. ಅದರಲ್ಲಿ ಬೆಳಕು ಯಾವ ಕಡೆಯಿಂದಲೂ ಬೀಳುವುದಿಲ್ಲ, ಹತ್ತಿರ ದೂರಗಳಿಲ್ಲ, ಮದುಮಕ್ಕಳು ಕುಳಿತ ಚೌಕವೇ ಎಲ್ಲಕ್ಕೂ ನಡು. ಅದೇ ಗೋಡೆಯ ಮುಂದೆ ಹಸೆಯ ಮೇಲೆ ನಿಜವಾದ ಮದುಮಕ್ಕಳು ಬಂದು ಕುಳಿತಾಗ ಚಿತ್ರ ಪೂರ್ತಿಯಾಗುತ್ತದೆ. ಪ್ರದರ್ಶನದ ಚೌಕಟ್ಟಿನಲ್ಲಿ ಆ ಮುಂದಿನ ಜಾಗ ಖಾಲಿ ಇರುತ್ತದೆ. ಚಿತ್ತಾರ ಚೌಕಟ್ಟಿಗೆ ಬರಬಾರದೆಂದು ನಾನು ಹೇಳುವುದಿಲ್ಲ. ಬರೆಯುವವರಿಗೆ ಅದರಿಂದ ಹೆಸರೂ ಹಣವೂ ಸಿಗುತ್ತಿದೆ, ಅದು ನ್ಯಾಯ. ನೋಡುವವರು ಆ ಖಾಲಿ ಜಾಗವನ್ನೂ ನೋಡಬೇಕು, ಬರೆದ ಹೆಂಗಸಿನ ಹೆಸರು ಚೀಟಿಯಲ್ಲಿ ಇಲ್ಲದಿದ್ದರೆ ಕೇಳಬೇಕು.

ಭೂಮಿ ಹುಣ್ಣಿಮೆಯ ಬುಟ್ಟಿಗೂ ಹೀಗೆಯೇ ಬರೆಯುತ್ತಾರೆ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಎಳೆಗಳನ್ನು ಸುತ್ತಲೂ ಎಳೆದು, ಬಸುರಿಯಾದ ಭೂಮಿಗೆ ಬಡಿಸುವ ಅಡುಗೆಯನ್ನು ಅದರಲ್ಲಿಟ್ಟು ಗದ್ದೆಗೆ ಹೊತ್ತೊಯ್ಯುತ್ತಾರೆ. ಸಾಗರದ ಹತ್ತಿರದ ಆ ತಾಯಿಯ ಮನೆಯ ಅಟ್ಟದಲ್ಲಿ ಇಂಥ ಹಳೆಯ ಬುಟ್ಟಿಯೊಂದಿತ್ತು. ಒಲೆಯ ಹೊಗೆ ಹಿಡಿದು ಅದರ ಬಿಳಿ ಗೆರೆಗಳೆಲ್ಲ ಹಳೆಯ ವಾರ್ನಿಶ್ಶಿನಂತೆ ಜೇನುಬಣ್ಣಕ್ಕೆ ತಿರುಗಿದ್ದವು, ಹೊರುವವರ ಕೈ ತಾಗುವ ಎರಡು ಕಡೆ ಮಾತ್ರ ಚಿತ್ತಾರ ಸವೆದು ಬಿದಿರು ಕಾಣುತ್ತಿತ್ತು.